ಕ್ರೌಸ್ನಿಕ್ ಬೀದಿಯ ರಬ್ಬಿ

ಅಮ್ಮ ಬರ್ಲಿನ್‌ಗೆ ಬಂದು ಎರಡು ವಾರವಾಯಿತು. ಮೊನ್ನೆ ಸಂಜೆ ಅವಳನ್ನು ಕ್ರೌಸ್ನಿಕ್ ಬೀದಿಗೆ ಕರೆದುಕೊಂಡು ಹೋದೆ. 6ನೇ ನಂಬರಿನ ಮನೆಯ ಮುಂದೆ ರೆಗಿನಾ ಯೋನಾಸ್ ಅವರ ನೆನಪಿನ ಫಲಕವಿದೆ. ಪ್ರಪಂಚದಲ್ಲಿ ರಬ್ಬಿಯಾಗಿ, ಅಂದರೆ ಯೆಹೂದಿ ಧರ್ಮಗುರುವಾಗಿ, ದೀಕ್ಷೆ ಪಡೆದ ಮೊದಲ ಹೆಂಗಸು ಇವರು ಎಂದೆ.

“ಪೂಜಾರಿಕೆ ಮನೆತನದಿಂದ ಬರೋದಲ್ವೇನೇ?” ಎಂದಳು ಅಮ್ಮ.

ಯೆಹೂದ್ಯರಲ್ಲಿ ಹಾಗೆ ಹುಟ್ಟಿನಿಂದ ಬರುವ ಪುರೋಹಿತರು ಬೇರೆ. ಅವರು ಕೋಹೆನ್‌ಗಳು. ರಬ್ಬಿ ಎಂದರೆ ‘ನನ್ನ ಗುರು’. ಅಪ್ಪ ಯಾರು ಎಂದು ಯಾರೂ ಕೇಳುವುದಿಲ್ಲ. ಬೇರೆ ಧರ್ಮದಿಂದ ಮತಾಂತರವಾಗಿ ಬಂದವರೂ ಆಗಬಹುದು. ಆದರೆ ವರ್ಷಗಟ್ಟಲೆ ಓದಬೇಕು. ಹಳೆಯ ಕ್ರಮದ ಪರೀಕ್ಷೆಯಲ್ಲಿ, ಏನು ತಿನ್ನಬಹುದು ಏನು ಕೂಡದು ಎಂಬ ಅಡುಗೆಮನೆಯ ಪ್ರಶ್ನೆಗಳೇ ಜಾಸ್ತಿ. ಮಾಂಸಕ್ಕೆ ಉಪ್ಪು ಹಚ್ಚಿ ರಕ್ತ ತೆಗೆಯುವುದು ಹೇಗೆ? ಮಾಂಸ ಬೇಯುವ ಪಾತ್ರೆಗೆ ಹಾಲು ಬಿದ್ದರೆ ಏನು ಮಾಡಬೇಕು? ಇದನ್ನೆಲ್ಲ ಕಲಿತವರಿಗೆ ಇನ್ನೊಬ್ಬ ರಬ್ಬಿ ‘ಸೆಮಿಖಾ’ ಕೊಡುತ್ತಾರೆ. ಅದೇ ದೀಕ್ಷೆ. ಪ್ರಾರ್ಥನೆ ನಡೆಸುವುದಕ್ಕೆ ಮಾತ್ರ ರಬ್ಬಿಯೇ ಬೇಕು ಅಂತಿಲ್ಲ, ಗೊತ್ತಿರುವ ಯಾರಾದರೂ ನಡೆಸಬಹುದು.

ಅಮ್ಮ ಹೈಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತಳಾದವಳು. “ಹಾಗಾದ್ರೆ ಮೇಷ್ಟ್ರು ಅನ್ನು” ಎಂದಳು. ಇಷ್ಟು ದಿನ ನನಗೇ ಈ ಮಾತು ಹೊಳೆದಿರಲಿಲ್ಲ!

ಯೋನಾಸ್ ಹುಟ್ಟಿದ್ದು 1902ರಲ್ಲಿ, ಇದೇ ಬರ್ಲಿನ್‌ನಲ್ಲಿ. ಬಡ ಮನೆ, ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಇಲ್ಲಿಂದ ತುಂಬಾ ದೂರವೇನಿಲ್ಲದ ಯೆಹೂದಿ ವಿದ್ಯಾಪೀಠದಲ್ಲಿ ಓದಿದರು. 1930ರಲ್ಲಿ ಅವರು ಬರೆದ ಪ್ರಬಂಧದ ವಿಷಯ ಒಂದೇ: ಹೆಂಗಸು ರಬ್ಬಿಯಾಗಬಹುದೇ? ನನಗೆ ಅವರ ಮೇಲೆ ಇಷ್ಟೊಂದು ಅಭಿಮಾನ ಬರುವುದು ಈ ಪ್ರಬಂಧದಿಂದಲೇ. ಕಾಲ ಬದಲಾಗಿದೆ, ನಿಯಮವನ್ನೂ ಬದಲಿಸಿ ಎಂದು ಅವರು ವಾದಿಸಲಿಲ್ಲ. ಆಚಾರವಂತರಾಗಿ ಬದುಕಿದವರು. ಧರ್ಮಶಾಸ್ತ್ರದ ಒಳಗೇ ಹುಡುಕಿದರು. ಒಂದು ಜನರ ಪೂರ್ವಗ್ರಹ, ಇನ್ನೊಂದು ಇಂಥದ್ದು ರೂಢಿಯಲ್ಲಿ ಇಲ್ಲದಿರುವುದು, ಈ ಎರಡನ್ನು ಬಿಟ್ಟರೆ ಹೆಚ್ಚುಕಡಿಮೆ ಯಾವ ಅಡ್ಡಿಯೂ ಇಲ್ಲ ಎಂದು ಬರೆದರು. ಪ್ರಬಂಧ ಪಾಸಾಯಿತು. ದೀಕ್ಷೆ ಮಾತ್ರ ಸಿಗಲಿಲ್ಲ. ಅದನ್ನು ಕೊಡಬಹುದಾಗಿದ್ದ ತಾಲ್ಮುದ್ ಎಂಬ ಧರ್ಮಗ್ರಂಥದ ಪ್ರಾಧ್ಯಾಪಕ ಎಡ್ವರ್ಡ್ ಬಾನೆಟ್ ಅದೇ ವರ್ಷ ತೀರಿಕೊಂಡಿದ್ದರು.

ಐದು ವರ್ಷ ಧರ್ಮಪಾಠ ಹೇಳುತ್ತಾ ಕಾದರು. 1935ರ ಡಿಸೆಂಬರಿನಲ್ಲಿ ಆಫೆನ್‌ಬಾಖ್‌ನ ರಬ್ಬಿ ಮ್ಯಾಕ್ಸ್ ಡೀನೆಮಾನ್ ಪರೀಕ್ಷೆ ಮಾಡಿ ಸೆಮಿಖಾ ಕೊಟ್ಟರು. ಆಗಲೇ ನಾಜಿಗಳ ಕಾಲ. ಊರೂರಿನ ರಬ್ಬಿಗಳು ದೇಶ ಬಿಡುತ್ತಿದ್ದರು, ಇಲ್ಲವೇ ಜೈಲು ಸೇರುತ್ತಿದ್ದರು. ಉಳಿದವರಿಗೆ ಧೈರ್ಯ ಹೇಳಲು ಯೋನಾಸ್ ಹೋದರು. 1942ರಲ್ಲಿ ಅವರನ್ನೂ ತಾಯಿಯನ್ನೂ ಯೆಹೂದ್ಯರನ್ನು ಕೂಡಿಹಾಕುತ್ತಿದ್ದ ಟೆರೆಜಿನ್ ಶಿಬಿರಕ್ಕೆ ಸಾಗಿಸಿದರು. ಅಲ್ಲಿಯೂ ಉಪನ್ಯಾಸ ಕೊಟ್ಟರು. ರೈಲಿನಿಂದ ಇಳಿದು ದಿಕ್ಕು ತೋಚದೆ ನಿಂತವರನ್ನು ಮಾತಾಡಿಸಿ ಸಮಾಧಾನ ಮಾಡುತ್ತಿದ್ದರು. 1944ರ ಅಕ್ಟೋಬರಿನಲ್ಲಿ ಇಬ್ಬರನ್ನೂ ಆಶ್ವಿಟ್ಜ್‌ನ ಸಾವಿನ ಶಿಬಿರಕ್ಕೆ ಕಳಿಸಿ ಕೊಂದರು.

ಆಮೇಲೆ ಅವರ ಹೆಸರೇ ಅಳಿಸಿಹೋದಂತಾಯಿತು. 1972ರಲ್ಲಿ ಅಮೆರಿಕದಲ್ಲಿ ಸ್ಯಾಲಿ ಪ್ರೀಸ್ಯಾಂಡ್ ರಬ್ಬಿಯಾದಾಗ ಅವರೇ ಮೊದಲಿಗರು ಎಂದು ಬಹಳ ಜನ ನಂಬಿದ್ದರು. ಬರ್ಲಿನ್ ಗೋಡೆ ಬಿದ್ದ ಮೇಲೆ ಪೂರ್ವ ಬರ್ಲಿನ್‌ನ ಕಡತಗಳ ನಡುವೆ ಯೋನಾಸ್ ಬಿಟ್ಟುಹೋದ ಕಾಗದಪತ್ರ ಸಿಕ್ಕಿತು. ಇವತ್ತು ಸುಧಾರಣಾವಾದಿ ಯೆಹೂದ್ಯರಲ್ಲಿ ಹೆಂಗಸರು ರಬ್ಬಿಯಾಗುವುದು ಸಾಮಾನ್ಯ. ಸಂಪ್ರದಾಯ ಬಿಡದ ಆರ್ಥೊಡಾಕ್ಸ್ ಪಂಗಡದ ಹೆಚ್ಚಿನವರು ಇನ್ನೂ ಒಪ್ಪಿಲ್ಲ.

ಅಮ್ಮ ಬೆರಳು ಮಡಿಚಿ ವಯಸ್ಸು ಲೆಕ್ಕ ಹಾಕಿದಳು. “ನಲವತ್ತೆರಡು ಅಷ್ಟೇನಾ? ಪಾಠ ಮಾಡೋಕೆ ಶುರುಮಾಡಿದ್ದೇ ಮೊನ್ನೆ ಮೊನ್ನೆ ಅನ್ನೋ ಹಾಗಾಯ್ತಲ್ಲೇ.” ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆವು.