ಬೇಜಾರು ಅಂದರೆ ಯಾವ ಬೇಜಾರು?

ಎಂಬಿಬಿಎಸ್ ಮುಗಿಸಿ ಸೈಕಿಯಾಟ್ರಿ (ಮನೋವೈದ್ಯಶಾಸ್ತ್ರ) ತಗೋತೀನಿ ಅನ್ನುವವರನ್ನು ಯಾಕೆ ಅಂತ ಕೇಳಿ. ‘ಜನರ ಮಾತು ಕೇಳೋದು ಇಷ್ಟ’ ಅನ್ನುವವರೇ ಹೆಚ್ಚು. ಸರಿಯೇ, ಆದರೆ ಕಿವಿ ಕೊಟ್ಟು ಕೂರುವುದು ಬೇರೆ, ಕೇಳಿ ಬಗೆಹರಿಸುವುದು ಬೇರೆ. ಯಾವುದು ಇಷ್ಟ ಅನ್ನುವುದು ಆ ವಿಭಾಗದಲ್ಲಿ ಕಲಿಯಲು ಹಾಕುವ ಪೋಸ್ಟಿಂಗ್‌ನಲ್ಲೇ ಗೊತ್ತಾಗಿಬಿಡುತ್ತದೆ.

ಓಪಿಡಿಯಲ್ಲಿ ‘ಬೇಜಾರು ಸಾರ್’ ಅಂತಾರೆ. ಹೊತ್ತು ಹೋಗದ್ದೂ ಬೇಜಾರು, ಸೊಸೆ ಮೇಲಿನ ಮುನಿಸೂ ಬೇಜಾರು, ಏನೂ ಬೇಡ ಅನ್ನಿಸುವುದೂ ಬೇಜಾರು. ಕೇಸ್ ಶೀಟಿನಲ್ಲಿ ‘ಖಿನ್ನತೆ’ ಅಂತ ಗೀಚಿ ಮುಂದೆ ಹೋದರೆ ಎಡವಟ್ಟು. ಎಷ್ಟು ದಿನದಿಂದ? ದಿನವಿಡೀ ಇರುತ್ತಾ? ಮೊಮ್ಮಗನನ್ನು ಎತ್ತಿಕೊಳ್ಳೋಕೂ ಮನಸ್ಸಿಲ್ಲವಾ? ಬೆಳಗಿನ ಜಾವ ಎಷ್ಟಕ್ಕೆ ಎಚ್ಚರ ಆಗುತ್ತೆ? ಖಿನ್ನತೆ ಅನ್ನಬೇಕಾದರೆ ಅದರ ಒಂಬತ್ತು ಲಕ್ಷಣಗಳಲ್ಲಿ ಐದಾದರೂ, ಎರಡು ವಾರವಾದರೂ ಇರಬೇಕು. ಆ ಐದರಲ್ಲಿ ಕುಗ್ಗಿದ ಮನಸ್ಸೋ ಆಸಕ್ತಿ ಹೋಗಿರುವುದೋ ಇರಲೇಬೇಕು. ಎಷ್ಟೋ ಜನ ಬೇಜಾರು ಅಂತಲೂ ಅನ್ನುವುದಿಲ್ಲ. ಮೈಕೈ ನೋವು, ತಲೆ ಉರಿ, ಸುಸ್ತು, ಅಷ್ಟೇ.

ಸಾಯುವ ಯೋಚನೆ ಬಗ್ಗೆ ಕೇಳಲು ಕಲಿಯುವ ಹುಡುಗರು ಹಿಂಜರಿಯುತ್ತಾರೆ, ಕೇಳಿದರೆ ತಲೆಗೆ ತುಂಬಿದ ಹಾಗಾಗುತ್ತೆ ಅಂತ. ಆಗಲ್ಲ. ‘ಬದುಕು ಸಾಕು ಅನ್ಸುತ್ತಾ?’ ಅಂತ ಶುರು ಮಾಡಿ, ಮೆಲ್ಲಗೆ ಒಳಗೆ ಹೋಗಿ. ಹಳ್ಳಿಯವರಾದರೆ ಮನೆಯಲ್ಲಿರುವ ಕೀಟನಾಶಕಕ್ಕೆ ಬೀಗ ಹಾಕಿಸಿ ಅಂತ ಜೊತೆಗೆ ಬಂದವರಿಗೆ ಅವತ್ತೇ ಹೇಳಿ.

ಗಮನ ಪರೀಕ್ಷಿಸಲು ನೂರರಿಂದ ಏಳೇಳು ಕಳೆಯಲು ಹೇಳಿಕೊಡುತ್ತಾರೆ. ಶಾಲೆಯ ಮೆಟ್ಟಿಲು ಹತ್ತದವರು ಅಲ್ಲಿ ತಡವರಿಸಿದರೆ ಅದು ಕಾಯಿಲೆಯಲ್ಲ. ‘35 ರೂಪಾಯಿ ತರಕಾರಿಗೆ ನೂರರ ನೋಟು ಕೊಟ್ರೆ ಎಷ್ಟು ವಾಪಸ್?’ ಅಂತ ಕೇಳಿ, ಸಂತೆಗೆ ಹೋಗುವ ಅಜ್ಜಿ ಥಟ್ಟನೆ 65 ಅಂತಾರೆ.

ಸೈಕಿಯಾಟ್ರಿ ಅಂದರೆ ಮೆಡಿಸಿನ್ ಮರೆಯಬಹುದು ಅಂದುಕೊಂಡವರು ಬರದಿರುವುದೇ ವಾಸಿ. ಮೂಳೆ ಮುರಿದು ಅಡ್ಮಿಟ್ ಆದ ಕುಡುಕ ಮೂರನೇ ದಿನ ಗೋಡೆ ಮೇಲೆ ಹುಳ ಹಿಡಿಯಲು ಹೊರಟರೆ ವಾರ್ಡಿನವರಿಗೆ ಅದು ‘ನಿಮ್ಮ ಕೇಸ್’. ಅಸಲಿಗೆ ಕುಡಿತ ನಿಂತ ಎರಡು-ಮೂರು ದಿನಕ್ಕೆ ಬರುವ, ಪ್ರಾಣಕ್ಕೇ ಕುತ್ತಾಗಬಲ್ಲ ಡೆಲಿರಿಯಂ, ಅಂದರೆ ಬುದ್ಧಿ ಗೊಂದಲಗೊಂಡು ಇಲ್ಲದ್ದು ಕಾಣುವ ಸ್ಥಿತಿ. ಥಯಾಮಿನ್ (ಬಿ1 ವಿಟಮಿನ್) ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೇ ಪೆಟ್ಟು. ಬೈಪೋಲಾರ್ ಅನ್ನುವ, ಮನಸ್ಸು ವಿಪರೀತ ಏರಿ ಇಳಿಯುವ ಕಾಯಿಲೆಗೆ ಕೊಡುವ ಲಿಥಿಯಂ ಮಾತ್ರೆ ಇನ್ನೊಂದು. ರಕ್ತದಲ್ಲಿ ಅದರ ಮಟ್ಟ ಲೀಟರಿಗೆ 0.6ರಿಂದ 1.0 ಮಿಲಿಈಕ್ವಿವಲೆಂಟ್ ಒಳಗಿರಬೇಕು, ಕೊನೆಯ ಮಾತ್ರೆ ನುಂಗಿದ 12 ಗಂಟೆಗೆ ರಕ್ತ ತೆಗೆಯಬೇಕು. ಬೆಳಗಿನ ಮಾತ್ರೆ ನುಂಗಿ ಲ್ಯಾಬಿಗೆ ಬಂದರೆ ರಿಪೋರ್ಟ್ ಸುಳ್ಳೇ ಜಾಸ್ತಿ ತೋರಿಸುತ್ತದೆ. ಮಂಡಿನೋವಿಗೆ ಅಂತ ಮೆಡಿಕಲ್ ಶಾಪಿನ ಡೈಕ್ಲೋಫೆನಾಕ್ ನುಂಗಿದರೆ ಮೂತ್ರಪಿಂಡ ಲಿಥಿಯಂ ಹೊರಹಾಕುವುದು ತಗ್ಗಿ ಮಟ್ಟ ನಿಜಕ್ಕೂ ಏರುತ್ತದೆ: ಕೈ ಜೋರಾಗಿ ನಡುಗುತ್ತದೆ, ಭೇದಿ, ನಡೆದರೆ ತೂರಾಟ.

ಮನೋವೈದ್ಯರ ಅಗತ್ಯವಿದೆಯೇ ಅಂತ ಕೇಳಬೇಕಿಲ್ಲ. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮಾನಸಿಕ ಕಾಯಿಲೆ ಇದ್ದವರ ಪೈಕಿ, ಕಾಯಿಲೆಗೆ ತಕ್ಕಂತೆ ಶೇ. 70ರಿಂದ 92 ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಇನ್ನು ತಾಳ್ಮೆ. ಖಿನ್ನತೆಯ ಮಾತ್ರೆ ಕೆಲಸ ತೋರಿಸಲು ಎರಡರಿಂದ ನಾಲ್ಕು ವಾರ ಬೇಕು, ಹೊಟ್ಟೆ ತೊಳಸುವುದು ಮಾತ್ರ ಮೊದಲ ವಾರವೇ. ಇದನ್ನು ಮುಂಚೆಯೇ ಹೇಳದಿದ್ದರೆ ಐದನೇ ದಿನಕ್ಕೆ ಮಾತ್ರೆ ಬಿಟ್ಟಿರುತ್ತಾರೆ, ಬಿಟ್ಟಿದ್ದೀನಿ ಅಂತ ಹೇಳುವುದೂ ಇಲ್ಲ. ಮುಂದಿನ ಸಲ ಬರುವಾಗ ಸ್ಟ್ರಿಪ್ ತರಲು ಹೇಳಿ. ‘ಹೇಗಿದ್ದೀರಿ’ ಅಂತ ವಿಚಾರಿಸಿಕೊಳ್ಳುತ್ತಲೇ ಎಷ್ಟು ಉಳಿದಿವೆ ಅಂತ ಎಣಿಸಿ.