ಕೊಲೆಗಾರ ಬಸ್ಸಿನಿಂದ ಇಳಿದದ್ದನ್ನು ಯಾರೂ ನೋಡಲಿಲ್ಲವಂತೆ

ಆಟಿಯ ಮಳೆಗೆ ಎರಡು ದಿನ ಕರೆಂಟ್ ಇರಲಿಲ್ಲ. ಐರ್ಲೆಂಡಿನ ಹಳ್ಳಿಯೊಂದರ ಕೊಲೆ ಕಥೆ ಓದುತ್ತಾ ಕೂತೆ. 390 ಪುಟ. ಎಮರ್ಜೆನ್ಸಿ ಲೈಟಿನ ಚಾರ್ಜ್ ಪೂರ್ತಿ ಅದಕ್ಕೇ ಹೋಯಿತು ಮಾರಾಯ್ರೆ. ಕೊಲೆಗಾರ ಯಾರು ಅಂತ ಇಲ್ಲೇ ಹೇಳಿಬಿಡುತ್ತೇನೆ, ಹಾಗಾಗಿ ಪುಸ್ತಕದ ಹೆಸರು ಬೇಡ.

ಶುರು ಮಾತ್ರ ಚಂದ ಇತ್ತು. ಅಲ್ಲಿಯ ಹಳ್ಳಿಗಳಲ್ಲಿ ಜೌಗು ನೆಲದ ಮಣ್ಣನ್ನು ಇಟ್ಟಿಗೆಯ ಹಾಗೆ ಕಡಿದು, ಒಣಗಿಸಿ, ಒಲೆಗೆ ಹಾಕುತ್ತಾರೆ. ಟರ್ಫ್ ಅಂತ ಅದರ ಹೆಸರು. ಹಾಗೆ ಕಡಿಯುವಾಗ ಒಂದು ಕೈ ಸಿಗುತ್ತದೆ. ಚರ್ಮ ಹದ ಮಾಡಿದ ತೊಗಲಿನ ಹಾಗೆ ಕಂದು, ಉಗುರು ಕೂಡ ಇದ್ದ ಹಾಗೇ ಇದೆ. ಇದು ಬರೀ ಕಥೆಯಲ್ಲ. ಆ ಮಣ್ಣಿನಲ್ಲಿ ಗಾಳಿ ಆಡುವುದಿಲ್ಲ, ಪಾಚಿಯ ಹುಳಿ ಬೇರೆ, ಹಾಗಾಗಿ ಹೆಣ ಕೊಳೆಯದೆ ಉಳಿಯುತ್ತದೆ. 2003ರಲ್ಲಿ ಕ್ಲೋನಿಕಾವನ್ ಮತ್ತು ಓಲ್ಡ್ ಕ್ರೋಹನ್ ಎಂಬ ಕಡೆ ಇಂಥ ಎರಡು ದೇಹ ಸಿಕ್ಕಿದ್ದವು. ಇಬ್ಬರೂ ಕೊಲೆಯಾಗಿ 2,000 ವರ್ಷಕ್ಕೂ ಜಾಸ್ತಿ ಆಗಿತ್ತು. ಒಬ್ಬನ ತಲೆಗೂದಲಿಗೆ ಹಚ್ಚಿದ್ದ ಎಣ್ಣೆ, ಪೈನ್ ಮರದ ಅಂಟು ಕೂಡ ಉಳಿದಿತ್ತಂತೆ. ಈಗ ಡಬ್ಲಿನ್ ಮ್ಯೂಸಿಯಂನಲ್ಲಿ ಇದ್ದಾರೆ.

ಅಂದ್ರೆ ಸಿಕ್ಕಿದ ಕೈ ಇಪ್ಪತ್ತು ವರ್ಷದ್ದೋ, ಎರಡು ಸಾವಿರ ವರ್ಷದ್ದೋ? ಎಂಥಾ ಪ್ರಶ್ನೆ ಅಲ್ವಾ! ನಾಲ್ಕು ಪುಟ ತಿರುಗಿಸಿದರೆ ಆ ಕೈಯಲ್ಲಿ ವಾಚು.

ಹೋಗಲಿ ಅಂತ ಮುಂದೆ ಓದಿದೆ. ಪಬ್ ಇದೆ, ಚರ್ಚ್ ಇದೆ, ಪೋಸ್ಟಾಫೀಸು ಇದೆ, ನಾಟಕದ ಪರದೆಯ ಹಾಗೆ ಎಲ್ಲ ಇದೆ. ಆದರೆ ಯಾರಿಗೂ ಯಾರ ಬಗ್ಗೆಯೂ ಎಂತದೂ ಗೊತ್ತಿಲ್ಲ! ಗುಡ್ಡದ ಮೇಲಿನ ಮನೆ ಯಾರದ್ದು ಅಂತ ಕೇಳಿದರೆ ಪೋಸ್ಟ್‌ಮ್ಯಾನ್ "ಗೊತ್ತಿಲ್ಲ" ಅನ್ನುತ್ತಾನೆ. ಕಥೆ ನಡೆಯುವುದು 1990ರ ದಶಕದಲ್ಲಿ. ಇಡೀ ಐರ್ಲೆಂಡಿಗೆ ಪಿನ್‌ಕೋಡ್‌ನಂಥದ್ದು ಬಂದದ್ದೇ 2015ರಲ್ಲಿ. ಅಲ್ಲಿಯವರೆಗೆ ಹಳ್ಳಿಗಳಲ್ಲಿ ಎಷ್ಟೋ ಮನೆಗಳಿಗೆ ಒಂದೇ ವಿಳಾಸ, ಜನರನ್ನು ಮುಖ ನೋಡಿ ಗುರುತಿಟ್ಟುಕೊಂಡ ಪೋಸ್ಟ್‌ಮ್ಯಾನ್ ಇದ್ದದ್ದಕ್ಕೆ ಕಾಗದ ಮುಟ್ಟುತ್ತಿತ್ತು. ಅವನಿಗೇ ಗೊತ್ತಿಲ್ಲವಂತೆ.

ನನ್ನ ದೊಡ್ಡಮ್ಮನ ಮನೆ ಹೆಬ್ರಿ ಕಡೆ. ಕಳೆದ ಸಲ ಹೇಳದೆ ಹೋಗಿದ್ದೆ. ಬಸ್ಸಿಳಿದ ಕೂಡಲೇ ಗೂಡಂಗಡಿಯವರು "ಯಾರ ಮನೆಗೆ?" ಅಂದರು. ತೋಟದ ಹತ್ತಿರ ಹುಲ್ಲಿನ ಹೊರೆ ಹೊತ್ತ ಒಬ್ಬರು ಹೊರೆ ಇಳಿಸದೆಯೇ ನನ್ನ ಅಪ್ಪನ ಹೆಸರು, ಕೆಲಸ, ಸಂಬಳ ತನಕ ವಿಚಾರಿಸಿದರು. ಸಂಕ ದಾಟಿ ಮನೆ ಮುಟ್ಟುವಾಗ ಕಾಫಿ ಲೋಟಕ್ಕೆ ತಟ್ಟೆ ಮುಚ್ಚಿಟ್ಟಿತ್ತು. "ಒಂಬತ್ತೂವರೆ ಬಸ್ಸಿಗೆ ಇಳಿದದ್ದಂತಲ್ಲ, ಇಷ್ಟು ಹೊತ್ತು ಎಲ್ಲಿದ್ದೆ?" ಅಂತ ದೊಡ್ಡಮ್ಮ.

ಈ ಪುಸ್ತಕದ ಕೊಲೆಗಾರ 340ನೇ ಪುಟದಲ್ಲಿ ಮೊದಲ ಸಲ ಕಾಣಿಸುತ್ತಾನೆ. ಡಬ್ಲಿನ್‌ನವನು. ಇಪ್ಪತ್ತು ವರ್ಷದ ಹಿಂದೆ ಅದೇ ಊರಿಗೆ ಬಂದು, ಮೂರು ತಿಂಗಳು ಬಾಡಿಗೆಗಿದ್ದು, ಕೊಲೆ ಮಾಡಿ ಹೋಗಿದ್ದನಂತೆ, ಯಾರಿಗೂ ನೆನಪಿಲ್ಲವಂತೆ. ಮೂರು ತಿಂಗಳು! ನಮ್ಮಲ್ಲಾದರೆ ಮೂರನೇ ದಿನಕ್ಕೆ ಅವನಿಗೆ ಒಂದು ಅಡ್ಡಹೆಸರು ಬಿದ್ದಿರುತ್ತಿತ್ತು.

ಕೊನೆಗೆ ಆ ಊರಿನ ಸಾರ್ಜೆಂಟ್ ಸೊಂಟದಿಂದ ಪಿಸ್ತೂಲು ತೆಗೆಯುತ್ತಾನೆ. 1922ರಲ್ಲಿ ಶುರುವಾದ ಅವರ ಪೊಲೀಸ್ ಪಡೆ, ಗಾರ್ಡಾ ಅಂತ ಕರೆಯುತ್ತಾರಲ್ಲ, ಅದರಲ್ಲಿ ಯೂನಿಫಾರ್ಮಿನವರು ಸಾಮಾನ್ಯವಾಗಿ ಬಂದೂಕು ಇಟ್ಟುಕೊಳ್ಳುವುದಿಲ್ಲ. ಉಡುಪಿಯಲ್ಲಿ ಕೂತ ನನಗೆ ಗೊತ್ತಿರುವುದು ಬರೆದವರಿಗೆ ಗೊತ್ತಿರಬೇಡವಾ?

ನನಗೆ ಬೇಕಿದ್ದದ್ದು ಬೇರೆ. ಇಡೀ ಊರಿಗೆ ಗೊತ್ತಿರಬೇಕು, ಪೊಲೀಸರು ಬಂದಾಗ ಮಾತ್ರ ಎಲ್ಲರೂ "ನಮಗೆಂತ ಗೊತ್ತು ಸಾರ್" ಅನ್ನಬೇಕು. ಆದಿತ್ಯವಾರ ಚರ್ಚಿನಲ್ಲಿ ಸತ್ತವನ ತಾಯಿಯ ಪಕ್ಕದಲ್ಲೇ ಕೂತು, ಹಾಡು ಹಾಡಿ, ಸುಮ್ನೆ ಮನೆಗೆ ಹೋಗಬೇಕು. ಹೀಗೆ ಬರೆದಿದ್ದರೆ ಆ ರಾತ್ರಿ ಒಬ್ಬಳೇ ಬಾವಿಕಟ್ಟೆ ಕಡೆ ಹೋಗಲು ನನಗೆ ನಿಜಕ್ಕೂ ಹೆದರಿಕೆ ಆಗುತ್ತಿತ್ತು.

ಫೋನಿನಲ್ಲಿ ದೊಡ್ಡಮ್ಮನಿಗೆ ಪೂರ್ತಿ ಕಥೆ ಹೇಳಿದೆ. ಅವರು ಕೇಳಿದ್ದು ಒಂದೇ: "ಆ ಡಬ್ಲಿನ್‌ನವ ಯಾರ ಪೈಕಿ?"

"ಅದು ಬರೆದಿಲ್ಲ ದೊಡ್ಡಮ್ಮ."

"ಮತ್ತೆ ಅಷ್ಟು ಪುಟ ಎಂತ ಬರೆದದ್ದು?"