ಹಳೇ ಪೈನ್ ಬೋನ್ಸಾಯ್: ಮೊದಲು ಎಲ್ಲಿ ಕತ್ತರಿಸಬೇಕು?

ಚಿಕ್ಕಬಳ್ಳಾಪುರದಲ್ಲಿ ಬೋನ್ಸಾಯ್ ಹುಚ್ಚಿನವರು ಕಡಿಮೆ. ಹಾಗಾಗಿ ಯಾರ ಮನೆಯ ಹಳೇ ಕುಂಡ ಸೊರಗಿದರೂ ಅದರ ಫೋಟೊ ನನ್ನ ಫೋನಿಗೆ ಬರುತ್ತದೆ. ಜೊತೆಗೆ ಇದೇ ಪ್ರಶ್ನೆ: "ಸಾರ್, ನಮ್ಮ ಮಾವನವರು ಬೆಳೆಸಿದ್ದು. ವರ್ಷಗಟ್ಟಲೆ ಯಾರೂ ನೋಡಿಲ್ಲ. ಮೊದಲು ಎಲ್ಲಿ ಕತ್ತರಿಸಲಿ?"

ಎಲ್ಲೂ ಬೇಡ. ಈ ವರ್ಷ ಕತ್ತರಿ ಎತ್ತಿಡಿ.

ಅದಕ್ಕೂ ಮುಂಚೆ, ಅದು ಪೈನೇ ಹೌದಾ ನೋಡಿ. ಎಷ್ಟೋ ಸಲ ಅದು ನಮ್ಮ ಸರ್ವೆ ಆಗಿರುತ್ತದೆ. ಸರ್ವೆ ಕಡ್ಡಿ ಎಳೆದರೆ ಗೆಣ್ಣು ಗೆಣ್ಣಾಗಿ ಕಳಚುತ್ತದೆ. ಪೈನ್ ಎಲೆ ಹಾಗಲ್ಲ, ಒಂದೇ ಬುಡದಿಂದ ಗೊಂಚಲಾಗಿ ಬರುತ್ತದೆ. ಎರಡೆರಡು ಇದ್ದರೆ ಜಪಾನಿನ ಬ್ಲ್ಯಾಕ್ ಪೈನ್ ಇರಬಹುದು, ಮೂರು ಮೂರು ಇದ್ದರೆ ಹಿಮಾಲಯದ ಚೀರ್. ಐದೈದು ಇದ್ದು ಜಪಾನಿನ ವೈಟ್ ಪೈನ್ ಆಗಿದ್ದರೆ ಕಷ್ಟ. ನಂದಿ ಬೆಟ್ಟ ಪಕ್ಕದಲ್ಲೇ ಇದೆಯಲ್ಲ, ಆ ತಂಪು ಸಾಲಲ್ವಾ ಅಂತಾರೆ. ಸಾಲದು. ಅದಕ್ಕೆ ನಿಜವಾದ ಚಳಿಗಾಲವೇ ಬೇಕು.

ಇನ್ನು ಕತ್ತರಿ ವಿಷಯ. ಅತ್ತಿ, ಆಲ, ಹುಣಸೆ ಎಲ್ಲಿ ಕಡಿದರೂ ಚಿಗುರುತ್ತವೆ. ಪೈನ್ ಹಳೇ ಕಟ್ಟಿಗೆಯಿಂದ ಚಿಗುರುವುದು ತೀರಾ ಅಪರೂಪ. ಒಂದು ಎಲೆಯನ್ನೂ ಬಿಡದೆ ಕೊಂಬೆ ಕತ್ತರಿಸಿದರೆ ಆ ಕೊಂಬೆ ಹೋಯಿತು ಅಂತಲೇ ಲೆಕ್ಕ. ಮೊದಲೇ ಸೊರಗಿದ ಮರದಲ್ಲಿ ಉಳಿದಿರುವ ಎಲೆಗಳೇ ಅದರ ಅನ್ನ.

ಕೆಡುಕು ಇರುವುದು ಕೆಳಗೆ. ನೀರು ಹಾಕಿ ನೋಡಿ. ಮೇಲೆ ನಿಂತು, ಅಂಚಿಗೆ ಹರಿದು, ಕುಂಡದ ಗೋಡೆ ಹಿಡಿದು ತೂತಿನಿಂದ ಇಳಿದುಬಿಡುತ್ತದೆ. ಛತ್ರಿ ಕಡ್ಡಿ ಒಂದನ್ನು ನಡುವೆ ಚುಚ್ಚಿ. ಇಳಿಯುವುದೇ ಇಲ್ಲ. ಕಷ್ಟಪಟ್ಟು ಇಳಿಸಿ ತೆಗೆದರೆ ತುದಿಗೆ ಒಣ ಪುಡಿ. ದಿನಾ ನೀರು ಹಾಕ್ತೀವಿ ಅನ್ನುವ ಮನೆಯಲ್ಲೂ ಇದೇ ಕತೆ. ಬೇರು ಸುತ್ತಿ ಸುತ್ತಿ ಗಟ್ಟಿಯಾಗಿರುತ್ತದೆ. ಸದ್ಯಕ್ಕೆ ಅಲ್ಲಲ್ಲಿ ಚುಚ್ಚಿ, ಕುಂಡವನ್ನು ಟಬ್ ನೀರಲ್ಲಿ ಗುಳ್ಳೆ ನಿಲ್ಲುವ ತನಕ ಮುಳುಗಿಸಿಡಿ. ಆದಷ್ಟು ಮಳೆ ನೀರು ಬಳಸಿ. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಕುಂಡದ ಅಂಚಿಗೆ ಬಿಳಿ ಕಟ್ಟಿದ್ದು, ಹೊಸ ಎಲೆ ಹಳದಿ ಇದ್ದರೆ ಮೊದಲು ಆ ನೀರನ್ನೇ ಅನುಮಾನಿಸಿ.

ಮಣ್ಣು ಬದಲಿಸುವುದು ಜನವರಿ, ಫೆಬ್ರವರಿಯಲ್ಲಿ, ಮೊಗ್ಗು ಉದ್ದವಾಗುವ ಮುಂಚೆ. ಶಿವರಾತ್ರಿ ದಾಟಿದರೆ ಬಿಸಿಲು ಬಿಡುವುದಿಲ್ಲ. ಬೇರನ್ನು ಪೂರ್ತಿ ತೊಳೆಯಬೇಡಿ. ಒಂದು ಪಕ್ಕ ಅರ್ಧ ಮಾತ್ರ ಬಿಡಿಸಿ, ಇನ್ನರ್ಧ ಒಂದೆರಡು ವರ್ಷದ ಮೇಲೆ. ಬಿಡಿಸುವಾಗ ಅಣಬೆ ವಾಸನೆಯ ಬಿಳಿ ಬೂಷ್ಟು ಕಂಡರೆ ಹೆದರಿ ಕೆರೆಯಬೇಡಿ. ಬೇರಿಗೆ ನೀರು, ಸತ್ವ ಒದಗಿಸುವುದೇ ಅದು. ಮಣ್ಣಿಗೆ ಜಪಾನಿನ ದುಬಾರಿ ಚೀಲ ತರಿಸುವವರಿದ್ದಾರೆ. ಸುಮ್ನೆ ದುಡ್ಡು ದಂಡ. ಇಟ್ಟಿಗೆ ಚೂರು, ಕ್ರಷರ್‌ನ ಬೇಬಿ ಜಲ್ಲಿ, ಸ್ವಲ್ಪ ಹಳೇ ಗೊಬ್ಬರ ಸಾಕು. ಜರಡಿ ಹಿಡಿದು ಧೂಳು ತೆಗೆಯಿರಿ, ಅದೇ ಮುಖ್ಯ.

ಗೊಬ್ಬರಕ್ಕೆ ಅವಸರ ಬೇಡ. ಹೊಸ ಮೊಗ್ಗು ನೆಟ್ಟಗೆ ಎದ್ದ ಮೇಲೆ ಒಂದಿಷ್ಟು ಹೊಂಗೆ ಹಿಂಡಿ ಕೊಡಿ.

ಇಷ್ಟಾದರೂ ಬದುಕುತ್ತಾ? ಹಸಿರು ನೋಡಿ ನಂಬಬೇಡಿ. ಬೇರು ಸತ್ತ ಮೇಲೂ ಪೈನ್ ವಾರಗಟ್ಟಲೆ ಹಸಿರಾಗಿರುತ್ತದೆ. ಉಗುರಿನಿಂದ ಸಣ್ಣ ಕೊಂಬೆಯ ತೊಗಟೆ ಕೆರೆದು ನೋಡಿ. ಒಳಗೆ ಹಸಿ ಇದ್ದು, ತುದಿ ಮೊಗ್ಗು ಗಟ್ಟಿಯಿದ್ದರೆ ಆಸೆ ಇದೆ.

ಕೊಂಬೆ ಬಗ್ಗಿಸಲು ಸುತ್ತಿದ್ದ ಹಳೇ ತಂತಿ ತೊಗಟೆಗೆ ಕಚ್ಚಿಕೊಂಡಿದ್ದರೆ ಬಿಚ್ಚಲು ಹೋಗಬೇಡಿ, ಕಟಿಂಗ್ ಪ್ಲೇಯರ್‌ನಿಂದ ತುಂಡು ತುಂಡಾಗಿ ಕತ್ತರಿಸಿ ತೆಗೆಯಿರಿ. ಪೂರ್ತಿ ಒಳಗೆ ಹೋಗಿದ್ದನ್ನು ಅಲ್ಲೇ ಬಿಡಿ. ಒಣಗಿದ ಕೊಂಬೆಯನ್ನಾದರೂ ಕತ್ತರಿಸಬಹುದಲ್ವಾ ಅಂತೀರಿ. ಕತ್ತರಿಸಬಹುದು. ಆದರೆ ಜಪಾನಿನವರು ಅದರ ತೊಗಟೆ ಸುಲಿದು ಹಾಗೇ ಉಳಿಸಿಕೊಳ್ಳುತ್ತಾರೆ, ಜಿನ್ ಅಂತಾರೆ. ಹಳೇ ಮರಕ್ಕೆ ಅದೇ ಲಕ್ಷಣ. ನಾನಾದರೆ ಅದನ್ನೂ ಕತ್ತರಿಸುವುದಿಲ್ಲ.